ಗುಡ್ಡದ ಜ್ವರ

ಲಂಡನ್
೧೪ ಅಕ್ಟೋಬರ್ ೧೯೯೮

ನೀಲಾಂಬಿಕಾ ಅವರಿಗೆ,

ರುದ್ರೇಶನ ಕನ್ನಡಕ, ಸ್ವೆಟರ್ ನಮ್ಮ ಪ್ರಯೋಗಾಲಯದಲ್ಲೇ ಇವೆ. ಅವನ ಮೇಜಿಗೆ ಸೋಮವಾರ ಹೊಸಬರು ಬರುತ್ತಾರೆ, ಶುಕ್ರವಾರದೊಳಗೆ ಬಂದು ಒಯ್ಯಿರಿ. ಹೌನ್ಸ್ಲೋದಿಂದ ಒಂದೇ ಟ್ಯೂಬ್ ರೈಲು. ನಿಮ್ಮ ಮನೆಯಲ್ಲಿರುವ ಪ್ರಯೋಗಾಲಯದ ಬೀಗದ ಕೈ ತರಲು ಮರೆಯಬೇಡಿ.

ಮಂಗಳವಾರ ರುದ್ರೇಶನ ಸಾವಿನ ತನಿಖಾ ಸಮಿತಿ ನಿಮ್ಮನ್ನೂ ಕೇಳಲಿದೆ. ಜ್ವಾಲಾಮುಖಿ ಸಿಡಿಯುವ ಹಿಂದಿನ ದಿನ ಆ ದ್ವೀಪದಲ್ಲಿದ್ದ ಅವನಿಗೆ ನಮ್ಮ ಫೋನ್ ಸಿಗಲಿಲ್ಲ. ಸಂಜೆ ಹೆಂಡತಿಯೊಂದಿಗೆ ಮಾತಾಡಲು ಅವನೇ ಮನೆಗೆ ಫೋನ್ ಮಾಡುತ್ತಾನೆಂದು ಗೊತ್ತಿತ್ತು. ಅದಕ್ಕೇ ನಿಮಗೆ ಫೋನಿನಲ್ಲಿ ಹೇಳಿದೆ: "ಜ್ವಾಲಾಮುಖಿಯ ಅನಿಲ ಒಮ್ಮೆಲೇ ಇಳಿದಿದೆ ಅಂತ ತಿಳಿಸಿ."

"ಇಳೀತೇನ್ರಿ? ಹಂಗಾರ ಜ್ವರ ಇಳದಂಗಾತು ಬಿಡ್ರಿ, ಅಣ್ಣಾರ," ಎಂದಿರಿ.

ಜ್ವರ ಇಳಿದರೆ ಮನುಷ್ಯ ಬದುಕುತ್ತಾನೆ. ಅನಿಲ ಹಾಗೆ ಇಳಿದರೆ ಪರ್ವತದ ಗಂಟಲು ಕಟ್ಟಿ, ಒತ್ತಡ ಒಳಗೇ ಏರುತ್ತಿರಬಹುದು. ನನ್ನ ಮಾತನ್ನೇ ಹೇಳಿದ್ದರೆ ರುದ್ರೇಶ ಕೂಡಲೇ ಕೆಳಗೆ ಬಂದುಬಿಡುತ್ತಿದ್ದ. ನೀವು ಅವನಿಗೆ "ಗುಡ್ಡದ ಜ್ವರ ಇಳದೈತಂತ" ಅಂದಿರಿ. ಅವನು ನಕ್ಕು ಪರ್ವತದ ಮೇಲಿನ ವೀಕ್ಷಣಾ ಠಾಣೆಯಲ್ಲೇ ಉಳಿದ. ಮರುದಿನ ಬೆಳಿಗ್ಗೆ ಪರ್ವತ ಸಿಡಿಯಿತು. ಅವನು ನಕ್ಕದ್ದನ್ನು ನೀವೇ ಹೇಳಿದಿರಿ, ನಾನು ಮಾತಾಡಿಸಲು ಬಂದಾಗ, ಚಹಾ ಕೊಡುತ್ತ.

ನನ್ನ ಹೇಳಿಕೆಯಲ್ಲಿ ಜ್ವರದ ಮಾತಿಲ್ಲ. ನೀವೂ ಎತ್ತಬೇಡಿ. ಎತ್ತಿದರೆ ಜನ ಮೊದಲು ನಿಮ್ಮನ್ನೇ ನೋಡುತ್ತಾರೆ. ಆಮೇಲೆ, ಅದನ್ನು ಕೇಳಿಯೂ ನಾನೇಕೆ ತಿದ್ದಲಿಲ್ಲ ಎಂದು ಸಮಿತಿ ಕೇಳುತ್ತದೆ.

ಆ ದಿನ ನೀವು ಜ್ವರ ಇಳಿಯಿತೆಂದಾಗ ನಾನು "ಹೂಂ" ಅಂದು ಫೋನಿಟ್ಟೆ. ಊಟಕ್ಕೆ ಹೊತ್ತಾಗಿತ್ತು.

ಇತಿ,
ಶ್ರೀಕಂಠ