ಖಾಜಾ ಮೇಸ್ತ್ರಿ ನೋಡದ ಎರಡು ಟೈರು

ಖಾಜಾ ಮೇಸ್ತ್ರಿಗಳಿಗೆ, ಕುರುಗೋಡಿನ ಎರ್ರಿಸ್ವಾಮಿಯ ಸಲಾಮು.

ಮೊದಲು ಖರ್ಚು ಹೇಳಿಬಿಡುತ್ತೇನೆ, ಆಮೇಲೆ ಮಾತು. ನನ್ನ ಪಿಕಪ್ಪಿನ ಫೋರ್‌ವೀಲ್ ಬಾಕ್ಸನ್ನು ನೀವು ಮೂರು ಸಲ ಬಿಚ್ಚಿ ಕೂಡಿಸಿದಿರಿ. ಹದಿನಾಲ್ಕು ಸಾವಿರದ ಇನ್ನೂರು, ಹದಿನೇಳು ಸಾವಿರದ ಆರುನೂರು, ಇಪ್ಪತ್ತೆರಡು ಸಾವಿರದ ನಾನೂರು. ನೀವು ಹೋದ ಮೇಲೆ ಮನೆಯಂಗಳದಲ್ಲಿ ನಾನೇ ಒಂದು ಸಲ ಬಿಚ್ಚಿದೆ. ಸಾಮಾನಿಗೆ ಒಂಬತ್ತು ಸಾವಿರದ ಎಂಟುನೂರು, ಕೂಲಿ ಇಲ್ಲ. ಹೊಲದಲ್ಲಿ ಕೂತ ಗಾಡಿಯನ್ನು ಟ್ರ್ಯಾಕ್ಟರ್ ಕಟ್ಟಿ ಎಳೆಸಿದ್ದು ಮೂರು ಸಾವಿರ. ಕೊನೆಗೆ ನಾಲ್ಕು ಹೊಸ ಟೈರು, ಇಪ್ಪತ್ತಾರು ಸಾವಿರ. ಒಟ್ಟು ತೊಂಬತ್ತಮೂರು ಸಾವಿರ. ಮೊದಲನೆಯ ರಿಪೇರಿ ಹೇಗೂ ಬೇಕಿತ್ತು; ಟೈರಿನ ಖರ್ಚನ್ನೂ ಅದರ ಜೊತೆಗೇ ಮಾಡಿದ್ದರೆ ಒಟ್ಟಿನಲ್ಲಿ ಐವತ್ತೆರಡು ಸಾವಿರದ ಎಂಟುನೂರು ಉಳಿಯುತ್ತಿತ್ತು. ನಿಮ್ಮ ಹೆಸರೂ ಉಳಿಯುತ್ತಿತ್ತು. ಖಾಜಾ ಮೇಸ್ತ್ರಿ ಹಳೆಯ ಬೇರಿಂಗಿಗೆ ಗ್ರೀಸ್ ಹಚ್ಚಿ ಹೊಸದೆಂದು ಕೂಡಿಸುತ್ತಾನೆ ಎಂಬ ಮಾತು ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಓಡಾಡಿತಲ್ಲ, ಅದು ಹೊರಟದ್ದು ನನ್ನ ಬಾಯಿಂದ. ಅದು ಸುಳ್ಳೆಂದು ನನಗೆ ಹೇಗೆ ಗೊತ್ತಾಯಿತು, ಗೊತ್ತಾದ ಮೇಲೆ ಏನು ಮಾಡಿದೆ, ಅದನ್ನು ಹೇಳಲು ಬರೆಯುತ್ತಿದ್ದೇನೆ.

ಬಾಕ್ಸ್ ಬಿಚ್ಚಿಸಲು ಗಾಡಿಯನ್ನು ಮೊದಲ ಸಲ ಬಳ್ಳಾರಿಯ ನಿಮ್ಮ ಅಂಗಡಿಗೆ ತಂದ ದಿನ ನಿಮಗೆ ನೆನಪಿರಬೇಕು. ಗಣಿಯಲ್ಲಿ ದುಡಿದು ಸೋತು ಹರಾಜಿಗೆ ಬಂದ ಗಾಡಿ. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಹದಿನಾಲ್ಕು ವರ್ಷ ಚೀಲ ಹೊತ್ತು ಕೂಡಿಟ್ಟ ದುಡ್ಡನ್ನೆಲ್ಲ ಅದರ ಮೇಲೆ ಸುರಿದಿದ್ದೆ. ಸಂದು ಸಂದಿನಲ್ಲಿ ಕೆಂಪು ಮಣ್ಣು. ನೀವು ಎರಡು ದಿನ ಬರೀ ತೊಳೆದಿರಿ. ಮೂರನೆಯ ದಿನ ಬಾನೆಟ್ಟಿನ ಮೇಲೆ ಕೈಯಿಟ್ಟು, "ಎಂಜಿನ್ ಗಟ್ಟಿ ಐತಿ. ಮಾಲಕ ಹೆಂಗದಾನ ಅಂತ ಇನ್ನ ನೋಡಬೇಕು" ಅಂದಿರಿ. ನಾನು ನಕ್ಕೆ. ಮಾಲಕ ಹೇಗಿದ್ದಾನೆಂದು ನೋಡುವುದಕ್ಕೆ ನಿಮಗೆ ಇಷ್ಟು ದುಬಾರಿಯಾಗುತ್ತದೆ ಅಂತ ಆಗ...

ಅವತ್ತೇ, ಬೀಗದಕೈ ಕೊಡುವಾಗ, ನೀವು ಇನ್ನೊಂದು ಮಾತು ಹೇಳಿದ್ದಿರಿ. "ನಾಲ್ಕೂ ಟೈರು ಒಂದ ಅಳತಿ ಇರಬೇಕು ನೋಡು. ಹಾಕಿದ್ರ ನಾಲ್ಕೂ ಒಂದ ಸಲ ಹಾಕು." ಹೂಂ ಅಂದೆ. ಹೂಂ ಅನ್ನುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು, ಯಾವ ಟೈರಿನ ಅಂಗಡಿಯವನು ಇವರಿಗೆ ಕಮಿಷನ್ ಕೊಡುತ್ತಾನೆ ಎಂಬ ಲೆಕ್ಕ. ಬುದ್ಧಿ ಹೇಳುವವರಿಗೆಲ್ಲ ಎಲ್ಲೋ ಒಂದು ಕಮಿಷನ್ ಇದ್ದೇ ಇರುತ್ತದೆ ಎಂದು ನಂಬಿಯೇ ನಾನು ಹಮಾಲನಿಂದ ಗಾಡಿ ಮಾಲಕನಾದವನು. ಹಾಗಾಗಿ ಮುಂದಿನ ಗಾಲಿಗೆ ಇದ್ದ ಸವೆದ ಟೈರನ್ನೇ ಉಳಿಸಿದೆ. ಹಿಂದಿನ ಗಾಲಿಗೆ ಒಂದು ನಂಬರ್ ದೊಡ್ಡ ಹಳೆಯ ಟೈರು ತಂದು, ಮೇಲೆ ಹೊಸ ರಬ್ಬರ್ ಪಟ್ಟಿ ಹಾಕಿಸಿ ಕೂಡಿಸಿದೆ. ಗಾಡಿ ಎತ್ತರವಾಯಿತು. ಎರೆಹೊಲದ ಕೆಸರಿನಲ್ಲಿ ಹೊಟ್ಟೆ ತಾಗುತ್ತಿರಲಿಲ್ಲ. ನಾಲ್ಕು ಚೀಲ ಹೆಚ್ಚಿಗೆ ಹೊರುತ್ತಿತ್ತು. ಇದಕ್ಕಿಂತ ಜಾಣತನ ಉಂಟೇ ಅಂದುಕೊಂಡೆ.

ಭತ್ತದ ಸುಗ್ಗಿಯಲ್ಲಿ ಆ ಗಾಡಿಯ ಕೆಲಸ ಹೇಗೆಂದು ನಿಮಗೆ ಹೇಳಬೇಕಾಗಿಲ್ಲ. ಕಾಲುವೆಯ ನೀರು ಆರದ ಹೊಲಕ್ಕೆ ಲಾರಿ ಇಳಿಯುವುದಿಲ್ಲ. ಕೊಯ್ಯುವ ಮಷಿನ್ನು ಸುರಿದದ್ದನ್ನು ಚೀಲ ತುಂಬಿ ಒಳಗಿನಿಂದ ರಸ್ತೆಯವರೆಗೆ ತಂದುಕೊಡುವವನು ನಾನು. ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗೂ ಮುಂದಿನ ಗಾಲಿಗೂ ಹಂಚುವ ಆ ಡಬ್ಬಿ ಕೆಟ್ಟರೆ ನನಗೆ ಅವತ್ತಿನ ಅನ್ನವಿಲ್ಲ. ಅದು ಕೆಡುತ್ತಲೇ ಹೋಯಿತು. ಹೊಲದಲ್ಲಿ ಲಿವರ್ ಎಳೆದರೆ ಬೀಳುತ್ತಿತ್ತು, ರಸ್ತೆಗೆ ಬಂದು ಬಿಡಿಸಲು ಹೋದರೆ ಬಿಡುತ್ತಿರಲಿಲ್ಲ. ಹಾಗೆಯೇ ನಾಲ್ಕೂ ಗಾಲಿ ಕಟ್ಟಿಕೊಂಡು ಸಿರುಗುಪ್ಪದ ಮಿಲ್ಲಿನವರೆಗೆ ಡಾಂಬರಿನ ಮೇಲೆ ಓಡಿಸುತ್ತಿದ್ದೆ. ಒಳಗೆ ಜೋಳ ಬೀಸಿದಂಥ ಸದ್ದು. ನಿಮ್ಮ ಅಂಗಡಿಯಲ್ಲಿ ಅದೇ ಲಿವರ್ ಒಂದು ಬೆರಳಿಗೆ ಹಿಂದೆ ಮುಂದೆ ಆಡುತ್ತಿತ್ತು. ನನ್ನ ಕೈಗೆ ಬಂದ ವಾರಕ್ಕೆ ಮತ್ತೆ ಅದೇ ಕಥೆ. ಯಾರಿಗಾದರೂ ಏನನ್ನಿಸಬೇಕು?

ಮೂರನೆಯ ಸಲ ರಿಪೇರಿಯಾದ ಹತ್ತೇ ದಿನಕ್ಕೆ ಸದ್ದು ಮತ್ತೆ ಶುರುವಾದಾಗ ನಾನು ಮಿಲ್ಲಿನ ಎದುರಿನ ಚಹಾ ಅಂಗಡಿಯಲ್ಲಿದ್ದೆ. ಹತ್ತು ಹನ್ನೆರಡು ಜನ ಗಾಡಿಯವರು ಸುತ್ತ ಇದ್ದರು, ಎಲ್ಲರೂ ನಿಮ್ಮ ಗಿರಾಕಿಗಳೇ. ಅಲ್ಲಿ ಆ ಬೇರಿಂಗಿನ ಮಾತು ಆಡಿದೆ. ಸಿಟ್ಟಿನಲ್ಲಿ ಬಾಯಿ ಜಾರಿತು ಎಂದು ಈಗ ಹೇಳಿದರೆ ಅದೂ ಸುಳ್ಳಾಗುತ್ತದೆ. ಒಂದು ಸಲ ಆಡಿ, ಎಲ್ಲರೂ ಕಿವಿಗೊಟ್ಟಿದ್ದು ನೋಡಿ, ಇನ್ನೊಂದು ಸಲ ಬಿಡಿಸಿ ಹೇಳಿದೆ.

ಎರಡು ದಿನ ಬಿಟ್ಟು ನೀವು ಬೈಕಿನ ಮೇಲೆ ಕುರುಗೋಡಿಗೆ ಬಂದಿರಿ. ಗಾಡಿ ಅವತ್ತು ಸಿರುಗುಪ್ಪದಲ್ಲೇ ಕೆಟ್ಟು ನಿಂತಿತ್ತು. ಮೂರನೆಯ ರಿಪೇರಿಯಲ್ಲಿ ನನ್ನ ಗಾಡಿಯಿಂದ ತೆಗೆದು, ಬಟ್ಟೆಯಲ್ಲಿ ಕಟ್ಟಿ ತಂದಿದ್ದ ಒಡೆದ ಬೇರಿಂಗಿನ ಚೂರುಗಳನ್ನು ನಮ್ಮ ಕಟ್ಟೆಯ ಮೇಲೆ ಬಿಚ್ಚಿಟ್ಟು, ಕಂಪನಿಯ ಅಚ್ಚು ಓದು ಅಂದಿರಿ. ನಾನು ಬಗ್ಗಿಯೂ ನೋಡಲಿಲ್ಲ. ನನ್ನ ಹೆಂಡತಿ ಈರಮ್ಮ ಚಹಾ ತಂದಳು, ನೀವು ಮುಟ್ಟಲಿಲ್ಲ. "ಎರ್ರಿಸ್ವಾಮಿ, ನನ್ ಕೈ ಕೆಟ್ಟಿಲ್ಲ" ಅಂದಿರಿ. "ಒಂದಿನ ನಾನೂ ಹೊಲಕ್ಕ ಬರ್ತೀನಿ. ಗಾಡಿ ಓಡೂದು ನೋಡ್ತೀನಿ. ಕೂಲಿ ಬ್ಯಾಡ." ಬೇಡ ಅಂದೆ. ಕೂಲಿ ಬೇಡ ಅನ್ನುವವನು ಏನೋ ಮುಚ್ಚಿಡಲು ಬಂದಿರುತ್ತಾನೆ ಎಂಬುದು ನನ್ನ ಲೆಕ್ಕ. ಅವತ್ತು ಒಂದು ದಿನ ನಿಮ್ಮನ್ನು ಹೊಲಕ್ಕೆ ಕರೆದುಕೊಂಡು ಹೋಗಿದ್ದರೆ...

ಹಾಗೆ ಬಂದುಹೋದ ಎಂಟು ತಿಂಗಳಿಗೆ ನೀವು ತೀರಿಕೊಂಡ ಸುದ್ದಿ ಬಂತು. ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ ಅಂದರು. ಮಣ್ಣು ಕೊಡಲು ಬಳ್ಳಾರಿಗೆ ಬಂದೆ, ಖಬರಸ್ತಾನದ ಗೇಟಿನವರೆಗೆ. ನಿಮ್ಮ ತಮ್ಮ ದಸ್ತಗೀರ ಒಳಗಿನಿಂದ ನನ್ನನ್ನು ನೋಡಿದ. ನಾನು ಅಲ್ಲಿಂದಲೇ ಬಸ್ ಹಿಡಿದೆ.

ಸದ್ದಿನಲ್ಲೇ ಹೇಗೋ ಓಡಿಸುತ್ತಿದ್ದ ಗಾಡಿ ಆಮೇಲೆ ಒಂದು ದಿನ ಹೊಲದಲ್ಲೇ ಕೂತಿತು, ಅದರ ಮೇಲೆ ಕೈಯಿಡುವ ಮೇಸ್ತ್ರಿ ಸಿಗಲಿಲ್ಲ. ಸಿಕ್ಕ ಒಬ್ಬ ಹೇಳಿದ ರೇಟಿಗೆ ಇನ್ನೊಂದು ಗಾಡಿಯೇ ಬರುತ್ತಿತ್ತು. ಅದಕ್ಕೇ ಮನೆಯಲ್ಲೇ ಬಿಚ್ಚಿದೆ. ಅಂಗಳದ ಬೇವಿನ ಕೆಳಗೆ, ನಾಲ್ಕು ಗುಂಡುಕಲ್ಲಿನ ಮೇಲೆ ಗಾಡಿ ಎತ್ತಿ, ಕೆಳಗೆ ಗೋಣಿ ಹಾಸಿ ಮಲಗಿದೆ. ನಿಮ್ಮ ಅಂಗಡಿಯಲ್ಲಿ ಮೂರು ಸಲ ನಿಂತು ಕಳ್ಳತನ ಆಗದಂತೆ ಕಾದಿದ್ದೆನಲ್ಲ, ಆ ಕಾವಲಿನಲ್ಲೇ ಕೆಲಸ ಕಲಿತಿದ್ದೆ. ಈರಮ್ಮ ನಟ್ಟು ಬಿಚ್ಚುವ ಪಾನಾ ಕೊಡುತ್ತಿದ್ದಳು. ಹದಿನೇಳನೆಯ ನಂಬರ್ ಕೇಳಿದರೆ ಮೊದಮೊದಲು ಹತ್ತೊಂಬತ್ತು ಬರುತ್ತಿತ್ತು, ನಾಲ್ಕನೆಯ ದಿನಕ್ಕೆ ನಾನು ಕೇಳುವ ಮೊದಲೇ ಸರಿಯಾದದ್ದು ಕೈಗೆ ಬರತೊಡಗಿತು. ಬೇರಿಂಗನ್ನು ಬಳ್ಳಾರಿಯ ದೊಡ್ಡ ಅಂಗಡಿಯಲ್ಲಿ, ಪೊಟ್ಟಣದ ಸೀಲ್ ನೋಡಿ, ಬಿಲ್ಲು ಬರೆಸಿಕೊಂಡು ತಂದೆ. ಒಂದೊಂದನ್ನೂ ಡೀಸೆಲ್ಲಿನಲ್ಲಿ ತೊಳೆದು, ನೀವು ಮಾಡುತ್ತಿದ್ದಂತೆ ಕಿವಿಯ ಹತ್ತಿರ ತಿರುಗಿಸಿ ಕೇಳಿ ಕೂಡಿಸಿದೆ. ಗಾಡಿ ರಸ್ತೆಗಿಳಿದ ಹನ್ನೊಂದನೆಯ ದಿನ ಮತ್ತೆ ಜೋಳ ಬೀಸುವ ಸದ್ದು ಬಂತು.

ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿ ಸ್ಟೇರಿಂಗ್ ಹಿಡಿದು ಕೂತೇ ಇದ್ದೆ. ಈರಮ್ಮ ಬಾಗಿಲಲ್ಲಿ ನಿಂತು ಕೇಳಿದಳು, "ಈಗ ಯಾರನ್ನ ಬೈತೀರಿ?"

ಬೈಯಲು ಯಾರೂ ಇರಲಿಲ್ಲ. ಬೇರಿಂಗ್ ತಂದವನು ನಾನು, ಕೂಡಿಸಿದವನು ನಾನು, ಬಿಲ್ಲು ನನ್ನ ಜೇಬಿನಲ್ಲಿ. ಅವಳೇ ಮುಂದುವರಿಸಿದಳು: "ಮೇಸ್ತ್ರಿ ಅಂಗಡ್ಯಾಗ ಚಲೋ ಓಡತೈತಿ, ಮನಿಗೆ ಬಂದ್ರ ಕೆಡತೈತಿ ಅಂತಿದ್ರಿ. ಅಲ್ಲಿಗೆ ಕಳಸೂವಾಗ ಹಿಂದಿನ ಗಾಲಿ ಬದಲು ಮಾಡ್ತಿದ್ರಲ್ಲ, ಆ ಹಳೇವು ಹಾಕಿ ಒಮ್ಮೆ ನೋಡ್ರಿ."

ಮೇಸ್ತ್ರಿ, ನಿಮಗೆ ಗೊತ್ತಿಲ್ಲದ ಸಂಗತಿ ಇದು. ಗಾಡಿಯನ್ನು ಗ್ಯಾರೇಜಿಗೆ ಬಿಡುವ ಮುಂಚೆ ನಮ್ಮಲ್ಲಿ ಎಷ್ಟೋ ಜನ ಒಳ್ಳೆಯ ಟೈರು ಬಿಚ್ಚಿ ಮನೆಯಲ್ಲಿಟ್ಟು, ಬೋಳು ಟೈರು ಹಾಕಿ ಕಳಿಸುತ್ತೇವೆ. ಗ್ಯಾರೇಜಿನಲ್ಲಿ ಯಾರಾದರೂ ಅದಲುಬದಲು ಮಾಡಿಬಿಟ್ಟರೆ ಎಂಬ ಭಯ. ಎರಡನೆಯ ಸಲ, ಮೂರನೆಯ ಸಲ ನಾನೂ ಹಾಗೇ ಮಾಡಿದ್ದೆ. ಹಿಂದಿನ ಆ ಎರಡು ದೊಡ್ಡ ಟೈರನ್ನು ಅಟ್ಟಕ್ಕೆ ಏರಿಸಿ, ಹರಾಜಿನಲ್ಲಿ ಗಾಡಿಯ ಜೊತೆ ಬಂದಿದ್ದ ಸವೆದ ಟೈರು ಹಾಕಿ ನಿಮಗೆ ಒಪ್ಪಿಸಿದ್ದೆ. ನಿಮ್ಮ ಕಣ್ಣಿಗೆ ಬಿದ್ದದ್ದು ಸರಿಸಮ ಸವೆದ ನಾಲ್ಕು ಟೈರು. ಇವನು ನನ್ನ ಮಾತು ಕೇಳಿದ್ದಾನೆ, ನಾಲ್ಕೂ ಒಂದೇ ಅಳತೆ ಇಟ್ಟಿದ್ದಾನೆ ಎಂದು ನೀವು ತಿಳಿದಿದ್ದಿರಿ, ಅಲ್ಲವೇ?

ಚೀಲ ಹೊಲಿಯುವ ಸುತಳಿ ತಂದೆ. ಹಿಂದಿನ ಗಾಲಿಗೆ ಸುತ್ತಿ ಗಂಟು ಹಾಕಿದೆ, ಅದನ್ನೇ ಮುಂದಿನ ಗಾಲಿಗೆ ಸುತ್ತಿದೆ. ಐದು ಬೆರಳು ಸಡಿಲ. ಹಿಂದಿನ ಗಾಲಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಮುಂದಿನದು ಒಂದು ಸುತ್ತಿನ ಮೇಲೂ ತಿರುಗಬೇಕು. ಡಬ್ಬಿ ಎರಡನ್ನೂ ಒಟ್ಟಿಗೆ ಬಿಗಿದಿದೆ. ಉದ್ದ ಹೆಜ್ಜೆಯ ಎತ್ತನ್ನೂ ಗಿಡ್ಡ ಹೆಜ್ಜೆಯ ಎತ್ತನ್ನೂ ಒಂದೇ ನೊಗಕ್ಕೆ ಕಟ್ಟಿ ಹೊಡೆದ ಹಾಗೆ. ಕೆಸರಿನಲ್ಲಿ ಗಾಲಿ ಜಾರಿ ಹೇಗೋ ಹೊಂದಿಕೊಳ್ಳುತ್ತದೆ. ಡಾಂಬರಿನ ಮೇಲೆ ಜಾರಲು ಜಾಗವೆಲ್ಲಿ? ಆ ತಿಣುಕಾಟವೆಲ್ಲ ನಿಮ್ಮ ಬೇರಿಂಗಿನ ಮೇಲೆ ಬೀಳುತ್ತಿತ್ತು. ಅಟ್ಟದಿಂದ ಹಳೆಯ ಟೈರು ಇಳಿಸಿ ಹಾಕಿ ಓಣಿಯಲ್ಲಿ ಒಂದು ಸುತ್ತು ಹೊಡೆದೆ. ಲಿವರ್ ಒಂದು ಬೆರಳಿಗೆ ಆಡಿತು.

ಸಿರುಗುಪ್ಪಕ್ಕೆ ಹೋಗಲು ಆರು ದಿನ ತೆಗೆದುಕೊಂಡೆ. ಯಾಕೆಂದು ಕೇಳಬೇಡಿ. ಹೋದಾಗ ಅದೇ ಚಹಾ ಅಂಗಡಿ, ಹೆಚ್ಚುಕಡಿಮೆ ಅದೇ ಜನ. ನೀವು ಕಟ್ಟೆಯ ಮೇಲೆ ಬಿಟ್ಟುಹೋಗಿದ್ದ, ಈರಮ್ಮ ಗೂಡಿನಲ್ಲಿ ಎತ್ತಿಟ್ಟಿದ್ದ ಬೇರಿಂಗಿನ ಗಂಟನ್ನು ಮೇಜಿನ ಮೇಲೆ ಬಿಚ್ಚಿ, ಬೇರಿಂಗಿನ ಮೇಲಿನ ಅಚ್ಚನ್ನು ಒಬ್ಬೊಬ್ಬರಿಗೂ ತೋರಿಸಿದೆ. ಸಾಮಾನು ಹೊಸದು, ಅಸಲಿ, ಕೆಡಿಸಿದ್ದು ನನ್ನ ಟೈರು ಎಂದು ಪೂರ್ತಿ ಹೇಳಿದೆ. ಲಾರಿಯ ಗಾದಿಲಿಂಗಪ್ಪ ಸುಮ್ಮನೆ ಬಿಡುವವನೇ? "ದವಾಖಾನಿಗೆ ಹೋಗೂವಾಗ ಕಿಡ್ನಿ ಮನ್ಯಾಗ ತಗದಿಟ್ಟು ಹೋಗ್ತೀಯೇನಲೇ" ಅಂದ. ಎಲ್ಲರೂ ನಕ್ಕರು. ನಗಲಿ ಎಂದು ನಿಂತೆ. ನಗು ಇಳಿದ ಮೇಲೆ ಮೂಲೆಯಲ್ಲಿದ್ದ ಒಬ್ಬ ಪಿಕಪ್ಪಿನವನು ಸಣ್ಣಗೆ, "ನಾನೂ ಬಿಚ್ಚಿಡ್ತೀನಪ್ಪ" ಅಂದ. ಇನ್ನಿಬ್ಬರು ತಲೆ ತಗ್ಗಿಸಿ ಚಹಾ ಕುಡಿದರು.

ಮಾರನೆಯ ದಿನ ನಿಮ್ಮ ಅಂಗಡಿಗೆ ಹೋದೆ. ದೊಡ್ಡ ಜಾಕ್ ಮೂಲೆಯಲ್ಲಿ ಗೋಣಿ ಹೊದ್ದು ಕೂತಿತ್ತು. ದಸ್ತಗೀರ ಬೈಕಿನ ಪಂಚರ್ ಹಾಕುತ್ತಿದ್ದ. ಒಂದೂವರೆ ವರ್ಷದಿಂದ ಅದೇ ಕೆಲಸವಂತೆ. ಎಲ್ಲ ಹೇಳಿದೆ, ಅವನು ಟ್ಯೂಬಿನಿಂದ ಕೈ ತೆಗೆಯದೆ ಕೇಳಿದ. ಬೈಯುತ್ತಾನೆಂದು ತಯಾರಾಗಿ ಹೋಗಿದ್ದೆ, ಬೈಯಲಿಲ್ಲ. "ಭಾಯಿ ಕೊನೀ ತನಕ ಅದನ್ನ ವಿಚಾರ ಮಾಡ್ತಿದ್ದ, ಎರ್ರಿಸ್ವಾಮಣ್ಣ" ಅಂದ. "ನನ್ ಕೈಯಾಗ ಎಲ್ಲಿ ತಪ್ಪಾತು ಅಂತ ಕಾಗದದ ಮ್ಯಾಲ ಆ ಬಾಕ್ಸ್ ಬರಕೊಂಡು ಕುಂದ್ರತಿದ್ದ."

ಮೇಸ್ತ್ರಿ, ನಿಮ್ಮ ಕೈಯ ಮೇಲೆ ನಿಮಗೇ ಅನುಮಾನ ಬರುವ ಹಾಗೆ ಮಾಡಿದವನು ನಾನು ಎಂದು ನನಗೆ ಅವತ್ತಿನವರೆಗೆ ಹೊಳೆದೇ ಇರಲಿಲ್ಲ. ನಿಮ್ಮ ಗಿರಾಕಿ ಹೋಯಿತು ಅನ್ನುವಷ್ಟೇ ನನ್ನ ಲೆಕ್ಕದಲ್ಲಿ ಬಂದಿತ್ತು. ಗಾಡಿಯನ್ನು ಅವನ ಅಂಗಡಿಯಲ್ಲೇ ಬಿಟ್ಟು, ನಾಲ್ಕು ಹೊಸ ಟೈರು ತಂದು ಅವನ ಎದುರಿಗೇ ಇಳಿಸಿದೆ. ಹಾಕಿ ಕೊಟ್ಟ. ಅವನು ಕೇಳಿದಷ್ಟು ಕೂಲಿಯನ್ನು ಚೌಕಾಶಿಯಿಲ್ಲದೆ ಎಣಿಸಿ ಕೊಟ್ಟೆ. ಅದನ್ನು ಖರ್ಚಿನಲ್ಲಿ ಬರೆದಿಲ್ಲ.

ನೀವು ಕೇಳದ ಸುದ್ದಿ ಈಗ. ಈ ಸುಗ್ಗಿಗೆ ಸಿರುಗುಪ್ಪದ ಕಡೆಯಿಂದ ನಾಲ್ಕು ಗಾಡಿ ನಿಮ್ಮ ಅಂಗಡಿಗೆ ಬಂದಿವೆ. ಟೈರು ಬಿಚ್ಚಿಡುವ ಆ ಪಿಕಪ್ಪಿನವನದೇ ಮೊದಲನೆಯದು. ದಸ್ತಗೀರ ಯಾರ ಗಾಡಿ ಬಂದರೂ, ದಿನಾ ಓಡುವ ಟೈರಿನಲ್ಲೇ ತನ್ನಿ, ಇಲ್ಲದಿದ್ದರೆ ವಾಪಸು ಹೋಗಿ ಅನ್ನುತ್ತಾನೆ. ನಿಮಗಿಂತ ಬಾಯಿ ಜೋರು.

ಯಾರಿಗೆ ಏನು ಬಂತೆಂದರೆ: ಟೈರಿನ ಅಂಗಡಿಯವನಿಗೆ ಇಪ್ಪತ್ತಾರು ಸಾವಿರ. ದಸ್ತಗೀರನಿಗೆ ನಾಲ್ಕು ಗಾಡಿ, ಮತ್ತು ಖಾಜಾ ಮೇಸ್ತ್ರಿಯ ತಮ್ಮ ಎಂದು ಹೇಳಿಕೊಳ್ಳಲು ಧೈರ್ಯ. ಈರಮ್ಮನಿಗೆ ಪಾನಾದ ನಂಬರುಗಳು, ಜೀವನಪೂರ್ತಿ ನನ್ನನ್ನು ಆಡಿಸಲು ಒಂದು ಮಾತು. ಗಾದಿಲಿಂಗಪ್ಪನಿಗೆ ಕಿಡ್ನಿಯ ಜೋಕು. ನನಗೆ ಸದ್ದಿಲ್ಲದ ಗಾಡಿ. ನಿಮಗೆ ಏನೂ ಬರಲಿಲ್ಲ.