ಒಳಗೆ ಬಿಡುವ ಬಟ್ಟೆ

ಪ್ರಯೋಗಾಲಯದ ಊಟದ ಕೋಣೆ
ಮಾರ್ಚ್ ೮, ಶನಿವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ತೋಳಿನ ನೋವು ಹೇಗಿದೆ? ಹೊಲಿಗೆ ಬಿಚ್ಚಿದ ಜಾಗ ತುರಿಸುತ್ತದೆ ಎಂದು ನೀನು ಮೊನ್ನೆ ಫೋನಿನಲ್ಲಿ ಹೇಳಿದೆ. ಕೆರೆಯಬೇಡ. ಕತ್ತರಿ ಮುಟ್ಟಬೇಡ ಎಂದರೆ ನೀನು ಕೇಳುವವಳಲ್ಲ, ಆದರೂ ಕೋಟಿನ ದಪ್ಪ ಬಟ್ಟೆಯನ್ನಾದರೂ ಸ್ವಲ್ಪ ದಿನ ಬೇರೆಯವರ ಕೈಗೆ ಕೊಡು. ನಾನು ಚೆನ್ನಾಗಿದ್ದೇನೆ. ಕನ್ನಡಕದ ನಂಬರು ಏರಿದೆ. ಇಷ್ಟು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತದ್ದಕ್ಕೆ ನನ್ನದೆಂದು ಏರಿದ್ದು ಅದೊಂದೇ.

ಫೋನಿದ್ದೂ ಇವಳು ಯಾಕೆ ಕಾಗದ ಬರೆಯುತ್ತಾಳೆ ಎನ್ನುತ್ತೀಯ. ಫೋನು ಅಣ್ಣನ ಕೈಯಲ್ಲಿರುತ್ತದೆ. ನೀನು ಮಾತಾಡುವಾಗ ಸ್ಪೀಕರ್ ಹಾಕಿಕೊಂಡು ಪಕ್ಕದಲ್ಲೇ ಕೂತಿರುತ್ತಾನೆ. ನಿನ್ನ ದನಿಗಿಂತ ಅವನ ಉಸಿರೇ ನನಗೆ ಹೆಚ್ಚು ಕೇಳಿಸುತ್ತದೆ. ಅದಕ್ಕೇ ಇದನ್ನು ಮನೆಗೆ ಕಳಿಸದೆ, ಹೊಸ ಅಳತೆ ಟೇಪಿನ ಡಬ್ಬಿಯೊಳಗೆ ಮಡಚಿಟ್ಟು ನಿನ್ನ ಹೊಲಿಗೆ ಅಂಗಡಿಗೆ ಕಳಿಸುತ್ತಿದ್ದೇನೆ. ಬಟ್ಟೆಯ ಧೂಳಿಗೆ ಸೀನು ಬರುತ್ತದೆಂದು ಅವನು ಆ ಹೊಸ್ತಿಲು ತುಳಿಯುವುದಿಲ್ಲ. ಅವನ ಸೀನಿನಿಂದ ಈ ಮನೆತನಕ್ಕೆ ಕೊನೆಗೂ ಒಂದು ಉಪಕಾರವಾಯಿತು.

ವಿಷಯ ನಿನ್ನ ತೋಳಿನಿಂದ ತೆಗೆದ ಗಂಟಿನದು. ಅಣ್ಣ ನಿನಗೆ ಹೇಳಿದ್ದು ಕಡಲೆಕಾಳಷ್ಟು, ಬರೀ ಕೊಬ್ಬು ಎಂದು. ಅತ್ತಿಗೆ ಚಿಕ್ಕಮ್ಮನಿಗೆ ಹೇಳುವ ಹೊತ್ತಿಗೆ ಅದು ಮೆಣಸಿನಕಾಳಾಯಿತು. ಚಿಕ್ಕಮ್ಮ ನನಗೆ ಫೋನ್ ಮಾಡಿ, "ಸಾಸಿವೆಯಷ್ಟಿತ್ತಂತೆ ಕಣೇ, ಅಷ್ಟಕ್ಕೇ ಹೋಗಿ ಕತ್ತಿಗೆ ಕೈ ಒಡ್ಡಿದ್ದಾಳೆ ನಿಮ್ಮಮ್ಮ" ಎಂದು ನಕ್ಕಳು. ಇನ್ನೊಬ್ಬ ನೆಂಟರ ಬಾಯಿಗೆ ಬಿದ್ದಿದ್ದರೆ ಗಂಟು ಇರಲೇ ಇಲ್ಲವೆಂದಾಗುತ್ತಿತ್ತು. ನಮ್ಮವರು ಹೆದರಿದಾಗ ಕಾಳಿನಲ್ಲಿ ಅಳೆಯುತ್ತಾರೆ.

ಅದು ಹತ್ತೊಂಬತ್ತು ಮಿಲಿಮೀಟರ್ ಇತ್ತು ಅಮ್ಮಾ. ಕೋಟಿನ ಮುಂದಿನ ಗುಂಡಿಯ ಅಗಲಕ್ಕೆ ಒಂದೇ ಮಿಲಿಮೀಟರ್ ಕಡಿಮೆ. ಗುಂಡಿಯನ್ನೂ ಅಳೆದೇ ಬರೆಯುತ್ತಿದ್ದೇನೆ. ಮತ್ತೆ ಅದು ಕೊಬ್ಬಲ್ಲ. ಕ್ಯಾನ್ಸರ್. ಈ ಪದ ಬರೆದು ಪೆನ್ನು ಕೆಳಗಿಟ್ಟೆ. ಮತ್ತೆ ಎತ್ತಿಕೊಂಡಾಗಲೂ ಪದ ಅಲ್ಲೇ ಇತ್ತು. ಹೊಡೆದು ಹಾಕಲಿಲ್ಲ.

ನಿಮ್ಮ ಆಸ್ಪತ್ರೆಯಲ್ಲಿ ತೆಗೆದ ತುಣುಕುಗಳು ಪರೀಕ್ಷೆಗೆ ಬರುವುದು ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೇ. ಸರ್ಜನ್ ಗಂಟಿನ ಜೊತೆಗೆ ಸುತ್ತಲಿನ ಒಳ್ಳೆಯ ಭಾಗವನ್ನೂ ಒಂದಿಷ್ಟು ಸೇರಿಸಿ ಕತ್ತರಿಸುತ್ತಾರೆ. ನಾವು ಅದರ ಹೊರಮೈಗೆ ಕಪ್ಪು ಶಾಯಿ ಬಳಿದು, ತೆಳ್ಳಗೆ ಸೀಳಿ, ಗಾಜಿನ ಮೇಲೆ ಕೂರಿಸಿ ಬಣ್ಣ ಹಾಕುತ್ತೇವೆ. ಕೆಟ್ಟ ಜೀವಕೋಶಗಳು ಎಲ್ಲಿ ಮುಗಿದವು, ಶಾಯಿಯ ಗೆರೆ ಎಲ್ಲಿದೆ, ಎರಡರ ನಡುವೆ ಒಳ್ಳೆಯದು ಎಷ್ಟು ಉಳಿದಿದೆ, ಇದನ್ನು ಅಳೆಯಬೇಕು. ನಿನ್ನ ಮಾತಿನಲ್ಲಿ ಹೇಳುವುದಾದರೆ, ಹೊಲಿಗೆಯಿಂದಾಚೆ ಒಳಗೆ ಬಿಟ್ಟ ಬಟ್ಟೆ. ಇಂಥ ಗಂಟಿಗೆ ಎರಡು ಮಿಲಿಮೀಟರಾದರೂ ಬಿಟ್ಟಿರಬೇಕು ಎನ್ನುವುದು ನಿನ್ನ ಸರ್ಜನ್‌ರ ಲೆಕ್ಕ.

ಮೊದಲು ನೋಡಿದ ನಮ್ಮ ಡಾಕ್ಟರು ಸರಿಯಾಗಿ ಎರಡು ಎಂದೇ ಬರೆದರು. ಅಣ್ಣ ಹಿಗ್ಗಿ ಹೀರೇಕಾಯಿಯಾದ. ನಾನು ಮತ್ತೆ ಆ ಗಾಜನ್ನು ತೆಗೆದದ್ದು ಅನುಮಾನದಿಂದಲ್ಲ. ನಿನ್ನನ್ನು ನೋಡಬೇಕೆನಿಸಿತು, ಅಷ್ಟೆ. ಗಾಜಿನ ಮೇಲೆ ಹೆಸರಿರಲಿಲ್ಲ, ನಂಬರು ಮಾತ್ರ. ಕಣ್ಣಿಟ್ಟರೆ ಗುಲಾಬಿ ಬಣ್ಣದ ಬಯಲು, ಅದರ ಒಂದು ಮೂಲೆಯಲ್ಲಿ ಒತ್ತೊತ್ತಾಗಿ ನಿಂತ ನೇರಳೆ ಚುಕ್ಕೆಗಳು. ಮಗಳಾದವಳಿಗೆ ಅಳು ಬರಬೇಕಿತ್ತು. ಬಂದದ್ದು, ಬಣ್ಣ ಚೆನ್ನಾಗಿ ಹಿಡಿದಿದೆ ಎನ್ನುವ ಯೋಚನೆ. ಇದಕ್ಕೆ ನೀನಾದರೂ ಬೇಸರಪಡುವುದಿಲ್ಲ. ಅಪ್ಪ ಹೋದ ದಿನ ನೀನೂ ಅವರ ಅಂಗಿಯ ಕಾಲರ್ ಸವೆದದ್ದನ್ನೇ ನೋಡುತ್ತ ಕೂತಿದ್ದೆ.

ಸೂಕ್ಷ್ಮದರ್ಶಕದಲ್ಲಿ ನಾವು ಕಣ್ಣಿಡುವ ಮೇಲಿನ ಲೆನ್ಸಿನೊಳಗೆ ಗೀಟುಗಳ ಒಂದು ಸಣ್ಣ ಪಟ್ಟಿ ಇರುತ್ತದೆ. ಒಂದು ಗೀಟೆಂದರೆ ಎಷ್ಟು ಎನ್ನುವುದು ಆ ಪಟ್ಟಿಗೇ ಗೊತ್ತಿಲ್ಲ. ಕೆಳಗಿನ ಲೆನ್ಸ್ ತಿರುಗಿಸಿ ದೊಡ್ಡದನ್ನು ತಂದರೆ ನೋಡುವ ವಸ್ತು ದೊಡ್ಡದಾಗಿ ಕಾಣುತ್ತದೆ, ಗೀಟು ಇದ್ದ ಹಾಗೇ ಇರುತ್ತದೆ, ಅದರ ಬೆಲೆ ಇಳಿಯುತ್ತದೆ. ಚಿಕ್ಕ ಲೆನ್ಸಿನಲ್ಲಿ ಒಂದು ಗೀಟಿಗೆ ಇಪ್ಪತ್ತೈದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಇಪ್ಪತ್ತೈದು. ಅದಕ್ಕಿಂತ ದೊಡ್ಡದರಲ್ಲಿ ಬರೀ ಹತ್ತು. ನನಗೂ ಎಂಬತ್ತು ಗೀಟೇ ಸಿಕ್ಕಿತು, ಡಾಕ್ಟರಿಗೂ ಎಂಬತ್ತೇ ಸಿಕ್ಕಿತ್ತು. ಆದರೆ ಆ ಎಂಬತ್ತು ಸಿಗುವುದು ದೊಡ್ಡ ಲೆನ್ಸಿನಲ್ಲಿ. ಅವರು ಎಣಿಸಿದ್ದು ದೊಡ್ಡದರಲ್ಲಿ, ಗುಣಿಸಿದ್ದು ಚಿಕ್ಕದರ ಬೆಲೆಯಿಂದ. ತೋರಿಸಿದಾಗ, "ಅಯ್ಯೋ, ಲೆನ್ಸ್ ತಿರುಗಿಸಿದ್ದು ಮರ್ತೇಬಿಟ್ನಲ್ರೀ" ಎಂದು ಹಣೆ ಚಚ್ಚಿಕೊಂಡು, ನಿಂತ ಕಾಲಲ್ಲೇ ವರದಿ ತಿದ್ದಿ ಸರ್ಜನ್‌ಗೆ ಫೋನ್ ಮಾಡಿದರು. ಈ ಕೋಣೆಯಲ್ಲಿ ಆ ತಪ್ಪು ಮಾಡದವರು ಯಾರೂ ಇಲ್ಲ. ಎರಡಲ್ಲ ಅಮ್ಮಾ. ಸೊನ್ನೆ ಪಾಯಿಂಟ್ ಎಂಟು.

ಇನ್ನೊಂದು ಸಲ ಕತ್ತರಿಸಬೇಕೆಂದು ಸರ್ಜನ್ ಅಣ್ಣನಿಗೆ ಹೇಳಿದ್ದಾರೆ. ಅಣ್ಣ ನನಗೆ ಹೇಳಿದ್ದು: "ಗಾಯದಲ್ಲಿ ಕೀವಾಗಿದೆ, ತೊಳೀತಾರೆ ಅಂತ ಹೇಳಿ ಕರ್ಕೊಂಡು ಹೋಗ್ತೀನಿ. ನೀನು ಬಾಯಿ ಬಿಟ್ರೆ ನನ್ನಾಣೆ. ಅಮ್ಮನ ಎದೆ ಒಡೆದು ಹೋಗುತ್ತೆ." ನಾನು ಫೋನಿಟ್ಟೆ, ಒಪ್ಪಿದಳೆಂದುಕೊಂಡ. ಅವನು ಕೆಟ್ಟವನಲ್ಲ. ದಿನಾ ನಿನ್ನ ಗಾಯಕ್ಕೆ ಪಟ್ಟಿ ಬದಲಿಸುವವನು ಅವನು, ದೂರ ಕೂತು ಗೀಟು ಎಣಿಸುವವಳು ನಾನು. ಆದರೆ ನಿನ್ನ ಎದೆಯ ಅಳತೆಯನ್ನು ಅವನು ಯಾವಾಗ ತೆಗೆದನೋ ನನಗೆ ತಿಳಿಯದು.

ನಾನು ತೆಗೆದದ್ದು ಚಿಕ್ಕವಳಿದ್ದಾಗ ಒಂದು ಸಂಜೆ, ನಿನ್ನ ಅಂಗಡಿಯ ಇಸ್ತ್ರಿ ಮೇಜಿನ ಕೆಳಗೆ ಕೂತು. ಜವಳಿ ಅಂಗಡಿಯ ಯಜಮಾನರು ಹೊಟ್ಟೆ ಒಳಗೆಳೆದು ನಿಂತು, "ಮೂವತ್ತನಾಲ್ಕು ಬರ್ಕೊಳ್ಳಮ್ಮಾ" ಎಂದರು. ನೀನು ಏನೂ ಬರೆಯಲಿಲ್ಲ. ಸೊಂಟದ ಸುತ್ತ ಟೇಪು ಹಿಡಿದು ಕಾದೆ. ಎಷ್ಟು ಹೊತ್ತು ಅಂತ ಹಾಗೆ ನಿಂತಾರು? ಅವರು ಉಸಿರು ಬಿಟ್ಟರು, ನೀನು ಬೀದಿಗೆ ಕೇಳುವ ಹಾಗೆ "ಮೂವತ್ತೆಂಟು" ಎಂದೆ. "ನನ್ನ ಟೇಪಿಗೆ ಮುಖ ನೋಡಿ ಅಳೆಯೋಕೆ ಬರಲ್ಲ ಸ್ವಾಮಿ." ಅವರು ಬೈದುಕೊಂಡೇ ಹೋದರು, ಬದುಕಿರುವತನಕ ನಿನ್ನ ಹತ್ತಿರವೇ ಹೊಲಿಸಿದರು. ಬೇರೆಯವರು ಹೊಲಿದ ಪ್ಯಾಂಟಿನಲ್ಲಿ ಅವರಿಗೆ ಕೂರಲು ಆಗುತ್ತಿರಲಿಲ್ಲ.

ಅಂಥವಳ ತೋಳನ್ನು ಅವಳಿಗೇ ಹೇಳದೆ ಎರಡನೆಯ ಸಲ ಕತ್ತರಿಸಲು ನಾನು ಬಿಡುವುದಿಲ್ಲ. ಕೀವು ಅಂತೆ. ನಿನ್ನ ಹೊಲಿಗೆಯಲ್ಲಿ ಯಾವತ್ತು ಕೀವಾಗಿತ್ತು? ಅಣ್ಣನ ಆಣೆ ನನಗೆ ತಟ್ಟಿದರೆ ತಟ್ಟಲಿ. ಅವನು ಮಾತು ಬಿಟ್ಟರೆ ಅದನ್ನೂ ನೋಡಿಕೊಳ್ಳುತ್ತೇನೆ. ಯಾರು ಹೇಳಿದ್ದು ಎಂದು ಅವನು ಕೇಳಿದರೆ ಸುಳ್ಳು ಹೇಳಬೇಡ, ನಾನೇ ಎಂದು ಹೇಳು. ಅವನ ಮೇಲೆ ರೇಗಲೂಬೇಡ, ಅವನು ನಿನಗಿಂತ ಹೆಚ್ಚು ಹೆದರಿದ್ದಾನೆ.

ಅತ್ತಿಗೆಗೆ ನನ್ನ ನೆನಪು. ಚಿಕ್ಕಮ್ಮನಿಗೆ ಸಾಸಿವೆಯ ಸಮಾಧಾನ ಇನ್ನೊಂದಿಷ್ಟು ದಿನ ಇರಲಿ. ನಿನ್ನ ಎರಡೂ ಕೈಗಳಿಗೆ ನನ್ನ ನಮಸ್ಕಾರ.

ನಿನ್ನ ಕಿರಿಯವಳು,
ಗುಂಡುಸೂಜಿ

ಮರೆತದ್ದು: ಆಪರೇಷನ್ ಗುರುವಾರವಂತೆ, ಈಗ ತಾನೇ ತಿಳಿಯಿತು. ಡಬ್ಬಿಯಲ್ಲಿರುವ ಟೇಪಿನ ಇಂಚಿನ ಕಡೆ ಬೇಡ, ನೀನು ಯಾವತ್ತೂ ನೋಡದ ಹಿಂಬದಿಗೆ ತಿರುಗಿಸು. ಅಲ್ಲಿರುವ ಮಿಲಿಮೀಟರಿನ ಸಣ್ಣ ಮನೆಗಳಲ್ಲಿ ಒಂದು ಕೂಡ ತುಂಬುವುದಿಲ್ಲ, ಈಗ ನಿನಗೆ ಉಳಿದಿರುವ ಅಂಚು. ಸಹಿ ಹಾಕುವ ಮೊದಲು ಅಣ್ಣನನ್ನು ಹೊರಗೆ ಕೂರಿಸಿ, ಸರ್ಜನ್‌ರ ಮೇಜಿನ ಮೇಲೆ ಟೇಪು ಬಿಚ್ಚಿ, ಈ ಸಲ ಒಳಗೆ ಎಷ್ಟು ಬಿಟ್ಟು ಕತ್ತರಿಸುತ್ತೀರಿ, ಆಮೇಲೆ ಈ ಕೈ ಕತ್ತರಿ ಹಿಡಿಯುತ್ತದೆಯೇ ಎಂದು ನೀನೇ ಕೇಳು. ಒಪ್ಪುವುದು ಬಿಡುವುದು ನಿನಗೆ ಸೇರಿದ್ದು. ಯಾವುದೇ ಆದರೂ ನಾನು ಬುಧವಾರವೇ ಅಲ್ಲಿರುತ್ತೇನೆ. ಅವರೂ ಕಾಳಿನ ಲೆಕ್ಕ ಶುರು ಮಾಡಿದರೆ ಟೇಪು ಸುತ್ತಬೇಡ. ಅವರು ಉಸಿರು ಬಿಡುವತನಕ ಕಾದು, ಮತ್ತೆ ಕೇಳು.