ಗುತ್ತಿಗೆ ಮುಗಿಯುವ ಮೂರು ದಿನ ಮೊದಲು

ಯುನ್ ಲಾಂಗ್, ಹಾಂಗ್‌ಕಾಂಗ್
೨೧ ಅಕ್ಟೋಬರ್ ೧೯೮೩

ಪ್ರೀತಿಯ ಅಣ್ಣಾ,

ಎಣ್ಣೆ ಸಿಡಿದ ನಿನ್ನ ಕೈ ವಾಸಿಯಾಯಿತೇ? ಮ್ಯಾಂಚೆಸ್ಟರಿನಲ್ಲಿ ಚಳಿ ಶುರುವಾಗಿರಬೇಕು, ಅಮ್ಮ ಹೆಣೆದ ಸ್ವೆಟರ್ ಹಾಕಿಕೋ. ಅಮ್ಮನ ಮಂಡಿನೋವು ಹಾಗೇ ಇದೆ. ನಾನು ಚೆನ್ನಾಗಿದ್ದೇನೆ, ಸಿಟ್ಟು ಮಾತ್ರ ಇಳಿದಿಲ್ಲ. ಆರನೇ ತರಗತಿಗೇ ಶಾಲೆ ಬಿಟ್ಟವಳು, ತಪ್ಪಿದ್ದರೆ ತಿದ್ದಿಕೊಂಡು ಓದು.

ತೊಂಬತ್ತೇಳರ ಗಲಾಟೆಗೆ ಮೊದಲೇ ಹೊಲ ಮಾರಿಬಿಡಿ ಎಂದು ನೀನು ಚಿಕ್ಕಪ್ಪನಿಗೆ ಬರೆದೆಯಲ್ಲ, ಅವರಿಗೆ ಓದು ಬಾರದೆ ಆ ಪತ್ರ ಓದಿಸಿದ್ದು ನನ್ನಿಂದಲೇ. ಹೊಲ ನಿನ್ನ ಹೆಸರಿನಲ್ಲಿದೆ, ಸರಿ. ಹೆಣ್ಣುಮಗಳಿಗೆ ನೆಲವಿಲ್ಲ, ಅದೂ ಗೊತ್ತು. ಆದರೆ ಈ ಹನ್ನೊಂದು ವರ್ಷ ಅದಕ್ಕೆ ನೀರು ಹೊತ್ತವರು ಯಾರು? ಆ ಸಾಸಿವೆ ಸೊಪ್ಪು ಮಾರಿಯೇ ಅಮ್ಮನೂ ನಾನೂ ಉಣ್ಣುವುದು. ನಮ್ಮನ್ನು ಒಂದು ಮಾತು ಕೇಳಿದೆಯಾ?

ಕಳೆದ ತಿಂಗಳು ಕುಲಮಂದಿರಕ್ಕೆ ಭೂ ಕಚೇರಿಯವರೊಬ್ಬರು ಬಂದಿದ್ದರು. ಬ್ರಿಟಿಷರು ಚೀನಾದಿಂದ ತೊಂಬತ್ತೊಂಬತ್ತು ವರ್ಷಕ್ಕೆ ಪಡೆದ ಗುತ್ತಿಗೆ ತೊಂಬತ್ತೇಳರಲ್ಲಿ ಮುಗಿಯುತ್ತದಂತೆ, ಅದಕ್ಕೂ ಮೂರು ದಿನ ಮೊದಲೇ ನಮ್ಮ ಹೊಲಗಳ ಗುತ್ತಿಗೆ ಮುಗಿಯುತ್ತದಂತೆ. ಮುಂದೇನು ಎಂದು ಕೇಳಿದರೆ, ಬೀಜಿಂಗ್‌ನಲ್ಲಿ ಎರಡೂ ಸರ್ಕಾರಗಳು ಮಾತಾಡುತ್ತಿವೆ ಎಂದರು. ಟೀ ಹಂಚುತ್ತಿದ್ದ ನಾನು ಹೇಗೋ ಬಾಯಿಬಿಟ್ಟೆ: "ಆ ಮೂರು ದಿನ ಸೊಪ್ಪಿಗೆ ನೀರು ಹಾಕೋದಾ ಬೇಡ್ವಾ, ಸಾಹೇಬ್ರೇ?" ಎಲ್ಲರೂ ನಕ್ಕರು. ಚಿಕ್ಕಪ್ಪ, "ನಿನಗ್ಯಾಕೇ ಅದು? ಅಷ್ಟೊತ್ತಿಗೆ ಗಂಡನ ಮನೇಲಿರ್ತೀಯ, ಟೀ ಬಗ್ಗಿಸು" ಎಂದರು. ಕಿವಿಯೆಲ್ಲ ಬಿಸಿಯಾಯಿತು. ಅಧಿಕಾರಿ ಟೀ ಮುಗಿಸಿ, ಕಾಗದ ಮಡಚಿಕೊಂಡು ಹೊರಟರು. ದೊಡ್ಡವರು ದೂರದಲ್ಲಿ ಕುಳಿತು ನಮ್ಮ ನೆಲದ ಮಾತಾಡಲಿ, ಅವರಿಗೆ ನಾವು ಯಾರು? ಆದರೆ ನೀನು? ಕೆಸರಿನಲ್ಲಿ ನನ್ನನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಟ್ಟವನು, ನೀನೂ ಹಾಗೇ ಮಾಡಿದೆಯಲ್ಲ!

ಹೋದ ವಾರ ಹಿರಿಯರನ್ನು ನೆನೆಯುವ ಚುಂಗ್ ಯುಂಗ್ ಹಬ್ಬದಂದು ನಮ್ಮ ಪದ್ಧತಿಯಂತೆ ಅಪ್ಪನ ಮೂಳೆಗಳನ್ನು ಸಮಾಧಿಯಿಂದ ತೆಗೆದು, ಒರೆಸಿ, ಹೊಲದ ಮೇಲಿನ ಗುಡ್ಡದಲ್ಲಿ ಜಾಡಿಯೊಳಗೆ ಇಟ್ಟೆವು. ಹಿರಿಮಗ ಮಾಡಬೇಕಾದ್ದನ್ನು ಚಿಕ್ಕಪ್ಪ ಮಾಡಿದರು. ಮೂಳೆಗೆ ಬಿಸಿಲು ತಾಕದಂತೆ ನಾನು ಕೊಡೆ ಹಿಡಿದಿದ್ದೆ. ಮಾರಿದ ಮೇಲೆ ಆ ಗುಡ್ಡಕ್ಕೆ ಯಾರ ಹೊಲ ತುಳಿದು ಹೋಗಲಿ?

ಮಾರಾಟದ ಕಾಗದಕ್ಕೆ ಒತ್ತಲು ನಿನ್ನ ಹೆಸರಿನ ಮುದ್ರೆ ಬೇಕೆಂದು ಚಿಕ್ಕಪ್ಪ ಅಮ್ಮನ ಪೆಟ್ಟಿಗೆಯನ್ನೆಲ್ಲ ಹುಡುಕುತ್ತಿದ್ದಾರೆ. "ಇಲಿ ಒಯ್ದಿರಬೇಕು, ಚಿಕ್ಕಪ್ಪ" ಎಂದಿದ್ದೇನೆ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಯುಕ್ ಮೇ

ವಿ.ಸೂ.: ಮುದ್ರೆಯನ್ನು ಇಲಿ ಒಯ್ದಿಲ್ಲ. ಚಿಕ್ಕಪ್ಪ ಕೈ ತೊಳೆಯಲು ತಿರುಗಿದಾಗ ಅದನ್ನು ಅಪ್ಪನ ಜಾಡಿಗೆ ಹಾಕಿದೆ, ಬಲಗೈ ಮೂಳೆಯ ಪಕ್ಕಕ್ಕೆ. ಒಮ್ಮೆ ಮುಚ್ಚಿದ ಮೇಲೆ ಆ ಮುಚ್ಚಳ ತೆಗೆಯಬಹುದಾದವನು ಹಿರಿಮಗ ಒಬ್ಬನೇ. ಬಾ, ಅಪ್ಪನನ್ನು ಕೇಳಿ ತೆಗೆದುಕೋ. ಕೊಡೆ ನಾನೇ ಹಿಡಿಯುತ್ತೇನೆ.